ಹಾಡು ಎಲ್ಲಿ ಹೋತು?

ಗದಗ ತಾಲ್ಲೂಕಿನ ಅಂತೂರ ಮತ್ತು ಬೆಂತೂರ ಜೋಡಿ ಊರುಗಳು. ಒಂದರ ಹೆಸರನ್ನು ಉಚ್ಚರಿಸಿದ ನಾಲಿಗೆ ಇನ್ನೊಂದನ್ನೂ ಹೇಳದೆ ನಿಲ್ಲುವುದಿಲ್ಲ. ಶ್ರಾವಣ ಮಾಸದ ಒಂದು ಸೋಮವಾರ ರಾತ್ರಿ ಅಲ್ಲಿಯ ಗುಡಿಯೊಂದರ ಮುಂದಿನ ಬಯಲಿನಲ್ಲಿ ಭಜನೆ ಏರ್ಪಟ್ಟಿತ್ತು. ಹಾಡತಕ್ಕವಳು ಒಂಬತ್ತನೆಯ ತರಗತಿಯ ಹುಡುಗಿ. ಎಂದಿನ ಪೇಟಿ ಮಾಸ್ತರರು ಆ ದಿನ ಪರಊರಿಗೆ ಹೋಗಿದ್ದರು, ತಬಲಾದವರೂ ಬಂದಿರಲಿಲ್ಲ. ಆದಕಾರಣ ಇಬ್ಬರ ಕೆಲಸವನ್ನೂ ಒಂದೇ ಯಂತ್ರದಿಂದ ಮಾಡಿಸುವ ಭಾರ ನಮ್ಮ ಮೇಲೆ ಬಿದ್ದಿತು. ಯಂತ್ರವೆಂದರೆ ಅರೇಂಜರ್ ಕೀಬೋರ್ಡ್. ಹಿಂದಿನ ದಿನ ಮನೆಯಲ್ಲಿ ಹುಡುಗಿಯನ್ನು ಕೂಡಿಸಿಕೊಂಡು ಎಲ್ಲವನ್ನೂ ಹದಗೊಳಿಸಿಕೊಂಡಿದ್ದೆವು. ರಿದಮ್ ಇಷ್ಟು, ಬೇಸ್ ಇಷ್ಟು, ಬಲಗೈಯ ಸ್ವರ ಇಷ್ಟು ಎಂದು ಅಂಕೆಗಳನ್ನು ಚೀಟಿಯ ಮೇಲೆ ಬರೆದುಕೊಂಡೂ ಇದ್ದೆವು.

ಗುಡಿಯ ಮುಂದೆ ಅವೇ ಅಂಕೆಗಳನ್ನು ಇಟ್ಟು ನುಡಿಸಿದೆವು. ಭಜನೆ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಹಿರಿಯರೊಬ್ಬರು ಬಳಿಗೆ ಬಂದು, “ಪೇಟಿ ಭಾಳ ಛಲೋ ಐತಿ ತಮ್ಮಾ. ಆದ್ರ ಹಾಡು ಎಲ್ಲಿ ಹೋತು?” ಎಂದು ಕೇಳಿದರು. ಹುಡುಗಿಯ ಪಾಡು ಇನ್ನೂ ಕಷ್ಟದ್ದು. ತನ್ನ ದನಿ ತನಗೇ ಕೇಳಿಸದೆ, ಒಂದೊಂದು ಚರಣಕ್ಕೂ ಗಂಟಲನ್ನು ಹೆಚ್ಚು ಹೆಚ್ಚು ಬಿಗಿದು ಕೂಗಿದ್ದಳು. ಮರುದಿನ ಅವಳ ದನಿ ಒಡೆದಿತ್ತು. ಮೂರು ದಿನ ಶಾಲೆಯಲ್ಲಿ ಪಾಠ ಓದಲೂ ಆಗಲಿಲ್ಲವೆಂದು ತಿಳಿಯಿತು. ಯಂತ್ರದಲ್ಲಿ ದೋಷವೇನೂ ಇರಲಿಲ್ಲ. ದೋಷ ನಮ್ಮ ಚೀಟಿಯಲ್ಲಿತ್ತು.

ಮನೆಯಲ್ಲಿ ಸರಿಯಾಗಿದ್ದ ಲೆಕ್ಕ ಬಯಲಿನಲ್ಲಿ ಏಕೆ ತಪ್ಪಿತು? ಇದಕ್ಕೆ ಉತ್ತರ ಹುಡುಕಹೊರಟರೆ ಕೀಬೋರ್ಡಿನ ಗುಂಡಿಗಳಲ್ಲಿ ಅರ್ಧ, ನಮ್ಮ ಕಿವಿಯ ರಚನೆಯಲ್ಲಿ ಅರ್ಧ ದೊರೆಯುತ್ತದೆ. ವಾಚಕರಲ್ಲಿ ಅನೇಕರು ಇಂಥ ವಾದ್ಯವನ್ನು ಶಾಲೆಯ ಗ್ಯಾದರಿಂಗಿನಲ್ಲಿಯೋ ರಸಮಂಜರಿ ಕಾರ್ಯಕ್ರಮದಲ್ಲಿಯೋ ಕಂಡಿರಬಹುದು. ಕೆಲವರು ನುಡಿಸುತ್ತಲೂ ಇರಬಹುದು. ಆದುದರಿಂದ ಈ ಪ್ರಶ್ನೆಯನ್ನು ತುಸು ವಿವರವಾಗಿಯೇ ಪರಿಶೀಲಿಸೋಣ.

ಮೊದಲು ಹಳೆಯ ಪೇಟಿಯನ್ನು ನೆನೆಯಬೇಕು. ಹಾರ್ಮೋನಿಯಂ ಹುಟ್ಟಿದ್ದು 1840ರ ಸುಮಾರಿಗೆ ಫ್ರಾನ್ಸಿನಲ್ಲಿ. ಕಾಲಿನಿಂದ ಒತ್ತುತ್ತಿದ್ದ ಅದರ ತಿದಿಯನ್ನು ಹಿಂಬದಿಗೆ ತಂದು, ನೆಲದ ಮೇಲೆ ಕುಳಿತು ಎಡಗೈಯಿಂದ ಒತ್ತುವಂತೆ ಮಾಡಿದ ಮೇಲೆ ಅದು ನಮ್ಮ ದೇಶದ ವಾದ್ಯವೇ ಆಗಿಹೋಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಕೇಳದವರು ಈ ಸೀಮೆಯಲ್ಲಿ ಇಲ್ಲ. ಪಂಚಾಕ್ಷರಿ ಗವಾಯಿಗಳೂ (1892–1944), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಅಂಧರಾಗಿದ್ದು, ನೂರಾರು ಅಂಧ ಬಾಲಕರಿಗೆ ಅಲ್ಲಿ ಗಾಯನವನ್ನೂ ವಾದನವನ್ನೂ ಕಲಿಸಿದರು. ಪುಟ್ಟರಾಜರು ಸ್ವತಃ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಮೊದಲಾದ ಅನೇಕ ವಾದ್ಯಗಳಲ್ಲಿ ನಿಷ್ಣಾತರು. ಸಾಥಿಗೆ ಕುಳಿತ ಅಂಧ ವಾದಕನಿಗೆ ಗಾಯಕನ ಕೈಸನ್ನೆಯೂ ಕಣ್ಸನ್ನೆಯೂ ಕಾಣಿಸವು. ಅವನಿಗೆ ಉಳಿದಿರುವ ಸನ್ನೆ ಒಂದೇ, ಅದು ಗಾಯಕನ ದನಿ. ದನಿ ತಗ್ಗಿದರೆ ಅವನ ಎಡಗೈ ತಾನಾಗಿಯೇ ತಿದಿಯನ್ನು ಹಗುರಾಗಿ ಒತ್ತುತ್ತದೆ. ಪೇಟಿಯ ಮುಖ್ಯ ಗುಣವೆಂದರೆ ಇದೇ: ಆಧಾರಸ್ವರಕ್ಕೂ ಮೇಲೆ ನುಡಿಸುವ ಸ್ವರಕ್ಕೂ ಗಾಳಿ ಬರುವುದು ಒಂದೇ ತಿದಿಯಿಂದ. ಗಾಳಿ ತಗ್ಗಿದರೆ ಎಲ್ಲವೂ ಒಟ್ಟಿಗೆ ತಗ್ಗುತ್ತವೆ.

ಅರೇಂಜರ್ ಕೀಬೋರ್ಡಿನಲ್ಲಿ ಈ ತಿದಿಯಿಲ್ಲ. ಕ್ಯಾಸಿಯೋ ಸಂಸ್ಥೆಯ ಮೊದಲ ಕೀಬೋರ್ಡು 1980ರಲ್ಲಿ ಬಂದಿತು. ಅಂದಿನಿಂದ ಈ ವರ್ಗದ ವಾದ್ಯಗಳು ಅಗ್ಗವಾಗುತ್ತ ಹಳ್ಳಿಹಳ್ಳಿಗೂ ಬಂದಿವೆ. ಯಮಹಾ ಸಂಸ್ಥೆಯು ತಬಲಾ, ತಂಬೂರಿಗಳ ನಾದವನ್ನು ಸೇರಿಸಿ ಭಾರತಕ್ಕಾಗಿಯೇ ಮಾದರಿಗಳನ್ನು ಸಿದ್ಧಪಡಿಸಿದೆ. ಎಡಗೈಯಿಂದ ಎರಡು ಮೂರು ಮನೆಗಳನ್ನು ಒತ್ತಿದರೆ ಸಾಕು, ಒಳಗೆ ಮೊದಲೇ ಬರೆದಿಟ್ಟ ಪಕ್ಕವಾದ್ಯದ ಒಂದು ಮೇಳವೇ ಎದ್ದು ನುಡಿಯತೊಡಗುತ್ತದೆ. ಇದನ್ನು ವಾದಕರು ಸ್ಟೈಲ್ ಎನ್ನುತ್ತಾರೆ. ಯಮಹಾ ವಾದ್ಯಗಳಲ್ಲಿ ಒಂದು ಸ್ಟೈಲಿಗೆ ಎಂಟು ಭಾಗಗಳು: ರಿದಮ್ ಎರಡು, ಬೇಸ್ ಒಂದು, ಕಾರ್ಡ್ ಎರಡು, ಪ್ಯಾಡ್ ಒಂದು, ಫ್ರೇಸ್ ಎರಡು. ಬಲಗೈಯಿಂದ ನಾವು ನುಡಿಸುವ ನಾದಕ್ಕೆ ವಾದ್ಯದ ಮೇಲೆ ‘ವಾಯ್ಸ್’ ಎಂದು ಅಚ್ಚು ಹಾಕಿರುತ್ತಾರೆ. ಈ ಶಬ್ದ ಹೊಸಬರನ್ನು ದಾರಿ ತಪ್ಪಿಸುತ್ತದೆ. ಅದು ಮನುಷ್ಯನ ದನಿಯಲ್ಲ. ಕೊಳಲು, ಸಿತಾರ, ಪಿಟೀಲು ಎಂದು ನಾವು ಆರಿಸಿಕೊಂಡ ನಾದದ ಬಣ್ಣ ಅಷ್ಟೇ.

ಬಲಗೈಯ ಬೆರಳು ಮೃದುವಾಗಿ ಇಳಿದರೆ ಆ ನಾದವೂ ಮೃದುವಾಗುತ್ತದೆ. ಪಕ್ಕದ ಮೇಳಕ್ಕೆ ಮಾತ್ರ ಸಾಮಾನ್ಯವಾಗಿ ಈ ಸೂಕ್ಷ್ಮ ತಿಳಿಯದು. ಕಾರ್ಖಾನೆಯಲ್ಲಿ ಯಾವ ಬಲದಿಂದ ಬರೆದಿಟ್ಟರೋ ಅದೇ ಬಲದಿಂದ ಅದು ನಡೆಯುತ್ತದೆ. ಹುಡುಗಿ ಎರಡನೆಯ ಚರಣದಲ್ಲಿ ದನಿ ತಗ್ಗಿಸಿ ಬೇಡಿಕೊಂಡರೂ ಸರಿ, ಕೊನೆಗೆ ಏರುದನಿಯಲ್ಲಿ ಕರೆದರೂ ಸರಿ, ಮೇಳ ತನ್ನ ಪಾಡಿಗೆ ತಾನು. ಪೇಟಿ ಮಾಸ್ತರರ ಎಡಗೈ ಮಾಡುತ್ತಿದ್ದ ಆಲಿಕೆಯನ್ನು ಯಂತ್ರ ಮಾಡುವುದಿಲ್ಲವಾಗಿ, ಕುಳಿತು ನುಡಿಸುವವನೇ ಅದನ್ನು ಬೇರೆಯಾಗಿ ಮಾಡಬೇಕಾಗುತ್ತದೆ. ಅದಕ್ಕಾಗಿಯೇ ವಾದ್ಯದಲ್ಲಿ ಸ್ಟೈಲ್ ವಾಲ್ಯೂಮ್ ಅಥವಾ ಅಕಂಪನಿಮೆಂಟ್ ವಾಲ್ಯೂಮ್ ಎಂಬ ಪ್ರತ್ಯೇಕ ವ್ಯವಸ್ಥೆಯಿದೆ. ಎಲ್ಲವನ್ನೂ ಒಟ್ಟಿಗೆ ಏರಿಸಿ ಇಳಿಸುವ ಮಾಸ್ಟರ್ ವಾಲ್ಯೂಮ್ ಬೇರೆ, ಇದು ಬೇರೆ. ನಮಗೆ ತಿಳಿದ ಎಷ್ಟೋ ಹುಡುಗರು ವರ್ಷಗಟ್ಟಲೆ ನುಡಿಸಿಯೂ ಈ ಎರಡನೆಯದನ್ನು ಮುಟ್ಟಿಯೇ ಇಲ್ಲ.

ಮುಟ್ಟಿದವರಿಗೂ ಒಂದು ಭ್ರಮೆ ಕಾದಿರುತ್ತದೆ. ಅಂಕೆಗಳು 0ಯಿಂದ 127ರವರೆಗೆ ಇರುತ್ತವೆ. ಎಲೆಕ್ಟ್ರಾನಿಕ್ ವಾದ್ಯಗಳು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳಲೆಂದು 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಸಾಮಾನ್ಯ ಭಾಷೆಯ ಅಂಕೆಗಳಿವು. 64 ಎಂದರೆ ಅರ್ಧವಲ್ಲವೆ ಎಂದು ತೋರುವುದು ಸಹಜ. ಆದರೆ ಮಿಡಿಯ ಶಿಫಾರಸಿನ ಪ್ರಕಾರ 127ರಿಂದ 90ಕ್ಕೆ ಇಳಿದರೆ ಶಬ್ದ 6 ಡೆಸಿಬೆಲ್ ತಗ್ಗುತ್ತದೆ, 64ಕ್ಕೆ ಇಳಿದರೆ ಸುಮಾರು 12 ಡೆಸಿಬೆಲ್. ಡೆಸಿಬೆಲ್ ಎಂಬುದು ಗುಣಿಸಿ ಏರುವ ಲೆಕ್ಕ. 3 ಡೆಸಿಬೆಲ್ ತಗ್ಗಿದರೆ ಶಬ್ದದ ಶಕ್ತಿ ಅರ್ಧವಾಗುತ್ತದೆ, 6 ತಗ್ಗಿದರೆ ಕಾಲು ಭಾಗವಾಗುತ್ತದೆ, 12 ತಗ್ಗಿದರೆ ಹದಿನಾರರಲ್ಲಿ ಒಂದು ಭಾಗ ಉಳಿಯುತ್ತದೆ. ಹಾಗಾದರೆ 64ರಲ್ಲಿ ಮೇಳ ಸತ್ತೇಹೋಗಬೇಕಲ್ಲವೆ? ಹೋಗುವುದಿಲ್ಲ. ಕಿವಿಯೂ ಶಕ್ತಿಯನ್ನು ನೇರವಾಗಿ ಅಳೆಯುವುದಿಲ್ಲ. ಶಕ್ತಿ ಹತ್ತು ಪಟ್ಟು, ಎಂದರೆ 10 ಡೆಸಿಬೆಲ್ ಹೆಚ್ಚಿದಾಗ ಮಾತ್ರ ಸಾಮಾನ್ಯ ಕಿವಿಗೆ ಸದ್ದು ಎರಡರಷ್ಟಾದಂತೆ ತೋರುತ್ತದೆ. ಅಂತೂ 64ರಲ್ಲಿ ಮೇಳ ಪೂರ್ಣ ಮಟ್ಟದ ಅರ್ಧಕ್ಕಿಂತ ತುಸು ಕಡಿಮೆಯಾಗಿ ಕೇಳಿಸುತ್ತದೆ. ಎಲ್ಲ ವಾದ್ಯಗಳೂ ಈ ಶಿಫಾರಸನ್ನು ಅಕ್ಷರಶಃ ಪಾಲಿಸುವುದಿಲ್ಲವಾದ್ದರಿಂದ ನಿಮ್ಮ ಕೀಬೋರ್ಡಿನ ಗುಣವನ್ನು ಕಿವಿಯಿಂದಲೇ ಪರೀಕ್ಷಿಸಿಕೊಳ್ಳುವುದು ಲೇಸು.

ಈ ಲೆಕ್ಕದಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಎಂಟು ಭಾಗಗಳಲ್ಲಿ ಪ್ರತಿಯೊಂದೂ ಗಾಯಕಿಯ ದನಿಯಷ್ಟೇ ಜೋರಾಗಿದೆಯೆಂದು ಭಾವಿಸಿರಿ. ಒಂದೊಂದನ್ನೇ ಕೇಳಿದರೆ ಯಾವುದೂ ಅತಿಯೆನಿಸದು. ಎಂಟೂ ಕೂಡಿದಾಗ ಮೇಳ ಅವಳಿಗಿಂತ 9 ಡೆಸಿಬೆಲ್ ಮೇಲೆ ನಿಲ್ಲುತ್ತದೆ, ಎಂದರೆ ಕಿವಿಗೆ ಹತ್ತಿರ ಹತ್ತಿರ ಎರಡರಷ್ಟು. ನಮ್ಮ ಚೀಟಿಯ ಮೊದಲ ತಪ್ಪು ಇದು. ಒಂದೊಂದು ಭಾಗವನ್ನೂ ಬಿಡಿಬಿಡಿಯಾಗಿ ಕೇಳಿ ‘ಸರಿ’ ಎಂದಿದ್ದೆವು.

“ಹಾಗಿದ್ದರೆ ಹುಡುಗಿಯ ಮೈಕನ್ನೇ ಏರಿಸಬಹುದಿತ್ತಲ್ಲ?” ಎಂದು ಯಾರಾದರೂ ಕೇಳಿಯಾರು. ಆ ರಾತ್ರಿ ನಾವೂ ಏರಿಸಿದೆವು. ದನಿಯನ್ನು 10 ಡೆಸಿಬೆಲ್ ಮೇಲೆತ್ತಬೇಕಾದರೆ ಆಂಪ್ಲಿಫೈಯರು ಹತ್ತರಷ್ಟು ಶಕ್ತಿ ಕೊಡಬೇಕು; 100 ವ್ಯಾಟಿನ ಕಡೆ 1000 ವ್ಯಾಟು ಬೇಕು. ಇಲ್ಲದ ಶಕ್ತಿಯನ್ನು ಕೇಳಿದರೆ ಬಾಕ್ಸು ಒಡಕು ದನಿ ಹೊರಡಿಸುತ್ತದೆ. ಅದಕ್ಕಿಂತ ಮೊದಲೇ ಬಾಕ್ಸಿನ ಶಬ್ದ ಮರಳಿ ಮೈಕನ್ನು ಹೊಕ್ಕು, ಮತ್ತೆ ಹೊರಬಿದ್ದು, ಮತ್ತೆ ಹೊಕ್ಕು, ಎಲ್ಲರಿಗೂ ಪರಿಚಿತವಾದ ಆ ‘ಕುಯ್’ ಎಂಬ ಸೀಟಿ ಏಳುತ್ತದೆ. ಎದ್ದಿತು. ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡರು.

ಈಗ ಕಿವಿಯ ಕಡೆಗೆ ಬರೋಣ. ಒಂದು ಶಬ್ದ ಇನ್ನೊಂದನ್ನು ಮರೆ ಮಾಡುವ ವಿಷಯದಲ್ಲಿ ಪ್ರಕೃತಿ ಸಮದರ್ಶಿಯಲ್ಲ. ಜೋರಾದ ಕೆಳಸ್ಥಾಯಿಯ ನಾದ ಮೇಲುಸ್ಥಾಯಿಯ ನಾದವನ್ನು ಸುಲಭವಾಗಿ ನುಂಗುತ್ತದೆ. ಮೇಲಿನದು ಕೆಳಗಿನದನ್ನು ಹಾಗೆ ನುಂಗಲಾರದು. ಅಮೆರಿಕದ ಆಲ್ಫ್ರೆಡ್ ಮೇಯರ್ 1876ರಲ್ಲೇ ಇದನ್ನು ಗುರುತಿಸಿದ್ದನು. 1924ರಲ್ಲಿ ವೆಗೆಲ್ ಮತ್ತು ಲೇನ್ ಎಂಬುವರು ಇದನ್ನು ಅಳತೆಯಿಂದ ತೋರಿಸಿದರು. ಕಾರಣ ಸ್ಪಷ್ಟವಾಗಬೇಕಾದರೆ ಹಂಗೇರಿಯಲ್ಲಿ ಹುಟ್ಟಿದ ಗಿಯೋರ್ಗ್ ಫಾನ್ ಬೆಕೆಸಿಯ ಸಂಶೋಧನೆಗಳು ಬೇಕಾದವು. ಅವುಗಳಿಗಾಗಿ ಆತನಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಸುತ್ತಿದ ಒಂದು ನಾಳವಿದೆ. ಅದರೊಳಗೆ ಉದ್ದಕ್ಕೂ ಒಂದು ಪೊರೆ. ಶಬ್ದ ಹೊಕ್ಕಾಗ ಈ ಪೊರೆಯ ಮೇಲೆ ತೆರೆಯೊಂದು ಬುಡದಿಂದ ತುದಿಯ ಕಡೆಗೆ ಸಾಗುತ್ತದೆ. ಮೇಲುಸ್ಥಾಯಿಯ ನಾದ ಬುಡದ ಹತ್ತಿರವೇ ಉಬ್ಬಿ ಅಡಗುತ್ತದೆ. ಕೆಳಸ್ಥಾಯಿಯದು ತುದಿಯವರೆಗೆ ಹೋಗಬೇಕು. ಹೋಗುವಾಗ ದಾರಿಯಲ್ಲಿ ಮೇಲುಸ್ಥಾಯಿಯ ಮನೆಗಳನ್ನೆಲ್ಲ ಅಲುಗಿಸಿಕೊಂಡೇ ಹೋಗುತ್ತದೆ. ಊರ ಅಗಸೆಯ ಬಳಿ ಮನೆಯಿದ್ದವರಿಗೆ ಬರುವ ಹೋಗುವ ಚಕ್ಕಡಿಗಳ ಸದ್ದೆಲ್ಲ ತಪ್ಪದಂತೆ ಎನ್ನಿ.

ಡಗ್ಗಾದ ಗುಮುಕಿಯೂ ಬೇಸಿನ ನಾದವೂ ಸೆಕೆಂಡಿಗೆ 100 ಕಂಪನಗಳ ಆಚೀಚೆ ಇರುತ್ತವೆ. ಹುಡುಗಿಯ ದನಿಯ ಮೂಲಸ್ವರ 200ರಿಂದ 500 ಕಂಪನಗಳವರೆಗೆ ಇರಬಹುದು. ಆದರೆ ಅವಳು ಹಾಡುವ ಸಾಹಿತ್ಯವನ್ನು ನಮಗೆ ತಿಳಿಸಿಕೊಡುವ ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಬಹುಮಟ್ಟಿಗೆ 2000 ಕಂಪನಗಳಿಂದ ಮೇಲೆ ಇರುತ್ತದೆ. ಆದುದರಿಂದ ಬೇಸು ಮಿತಿಮೀರಿದಾಗ ರಾಗ ಅಷ್ಟಿಷ್ಟು ಕೇಳಿಸಿದರೂ ಶಬ್ದಗಳು ಕಳೆದುಹೋಗುತ್ತವೆ. ಭಜನೆಯಲ್ಲಿ ಶಬ್ದ ಹೋದ ಮೇಲೆ ಉಳಿಯುವುದೇನು? ಹಿರಿಯರು ಕೇಳಿದ ಪ್ರಶ್ನೆ ಅಕ್ಷರಶಃ ಸರಿಯಾಗಿತ್ತು.

ಹಿಂದಿನ ಕಂಪನಿ ನಾಟಕಗಳ ನಟರು ಮೈಕಿಲ್ಲದೆ ಸಾವಿರ ಜನರಿಗೆ ಕೇಳಿಸುವಂತೆ ಹಾಡುತ್ತಿದ್ದರೆಂದು ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಅವರ ಏರುಶ್ರುತಿಗೆ ಇಲ್ಲಿ ಒಂದು ಸಮರ್ಥನೆ ದೊರೆಯುತ್ತದೆ. ನಮ್ಮ ಕಿವಿ ಅತ್ಯಂತ ಚುರುಕಾಗಿರುವುದು 2000ದಿಂದ 5000 ಕಂಪನಗಳ ನಡುವೆ. ಏರಿಸಿ ಹಾಡಿದ ತೆರೆದ ಕಂಠದ ಶಕ್ತಿ ಆ ಕಡೆಗೆ ಸರಿಯುತ್ತದೆ. ಪೇಟಿ, ತಬಲಾಗಳ ದಟ್ಟಣೆ ಅಲ್ಲಿ ಕಡಿಮೆ. ಪಾಶ್ಚಾತ್ಯ ಆಪೆರಾ ಗಾಯಕರು ದೊಡ್ಡ ವಾದ್ಯವೃಂದವನ್ನು ಮೀರಿ ಕೇಳಿಸುವುದು ಹೇಗೆಂಬುದನ್ನು ಸ್ವೀಡನ್ನಿನ ಯೋಹಾನ್ ಸುಂಡ್‌ಬೆರ್ಗ್ 1970ರ ದಶಕದಲ್ಲಿ ಶೋಧಿಸಿದಾಗ, ಅವರ ದನಿಯಲ್ಲಿ 3000 ಕಂಪನಗಳ ಸುತ್ತ ಒಂದು ವಿಶೇಷ ಉಬ್ಬು ಕಂಡುಬಂದಿತು. ನುರಿತ ಕಂಠಕ್ಕೆ ಸಾಧ್ಯವಾದ ಈ ಉಪಾಯವನ್ನು ಒಂಬತ್ತನೆಯ ತರಗತಿಯ ಹುಡುಗಿಯಿಂದ ನಿರೀಕ್ಷಿಸುವುದು ಅನ್ಯಾಯ.

ಇನ್ನು ಮನೆಗೂ ಬಯಲಿಗೂ ಬಂದ ವ್ಯತ್ಯಾಸ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು ಒಂದು ವಿಚಿತ್ರವನ್ನು ಅಳೆದು ತೋರಿಸಿದರು. ಸದ್ದು ಮೆಲ್ಲಗಿರುವಾಗ ನಮ್ಮ ಕಿವಿ ಕೆಳಸ್ಥಾಯಿಗೆ ಬಹಳ ಮಂದ. ಸದ್ದು ಏರಿದಂತೆ ಆ ಮಾಂದ್ಯ ಕಡಿಮೆಯಾಗುತ್ತ ಬರುತ್ತದೆ. ಇಂದಿನ ಅಂತರರಾಷ್ಟ್ರೀಯ ಅಳತೆಯಂತೆ, 1000 ಕಂಪನಗಳ ನಾದವೊಂದು 40 ಡೆಸಿಬೆಲ್ಲಿನಲ್ಲಿ ಎಷ್ಟು ಜೋರೆನಿಸುತ್ತದೆಯೋ ಅಷ್ಟೇ ಜೋರೆನಿಸಬೇಕಾದರೆ 100 ಕಂಪನಗಳ ನಾದಕ್ಕೆ ಸುಮಾರು 24 ಡೆಸಿಬೆಲ್ ಹೆಚ್ಚು ಬೇಕು. 80 ಡೆಸಿಬೆಲ್ಲಿನ ಮಟ್ಟದಲ್ಲಾದರೋ ಸುಮಾರು 12 ಹೆಚ್ಚಿದ್ದರೆ ಸಾಕು. ಇದರ ಅರ್ಥವನ್ನು ಬಿಡಿಸಿ ನೋಡಿರಿ. ಮನೆಯಲ್ಲಿ ನೆರೆಹೊರೆಯವರಿಗೆ ಅಂಜಿ ಮೆಲ್ಲಗೆ ನುಡಿಸುತ್ತ, ಬೇಸು ಸಾಲದೆಂದು ನಾವು ಅದನ್ನು ಏರಿಸಿಕೊಂಡೆವು. ಕೀಬೋರ್ಡಿನ ಪುಟ್ಟ ಸ್ಪೀಕರುಗಳು ಬೇಸನ್ನು ಹೇಗೂ ಸರಿಯಾಗಿ ಹೊರಡಿಸಲಾರವು. ಅದಕ್ಕೆಂದು ಇನ್ನಷ್ಟು ಏರಿಸಿದೆವು. ಬಯಲಿನಲ್ಲಿ ದೊಡ್ಡ ಬಾಕ್ಸಿಗೆ ಜೋಡಿಸಿ ಎಲ್ಲವನ್ನೂ ಸಮನಾಗಿ ಹೆಚ್ಚಿಸಿದಾಗ ದನಿಯೂ ಬೇಸೂ ಯಂತ್ರದ ಲೆಕ್ಕದಲ್ಲಿ ಸಮನಾಗಿಯೇ ಹೆಚ್ಚಿದವು. ಕಿವಿಯ ಲೆಕ್ಕದಲ್ಲಿ ಬೇಸು ಹತ್ತಿರ ಹತ್ತಿರ 12 ಡೆಸಿಬೆಲ್ಲಿನಷ್ಟು ಮುಂದೋಡಿತು. ಚೀಟಿಯ ಎರಡನೆಯ ತಪ್ಪು ಇದು. ಅಂಕೆಗಳನ್ನು ಒಂದು ಮಟ್ಟದಲ್ಲಿ ಹೊಂದಿಸಿ ಇನ್ನೊಂದು ಮಟ್ಟದಲ್ಲಿ ಬಳಸಿದೆವು.

ಕೆಲವೆಡೆ ಬಾಕ್ಸಿನ ಬದಲು ಗುಡಿಯ ಶಿಖರಕ್ಕೋ ಬೇವಿನ ಮರಕ್ಕೋ ಕಟ್ಟಿದ ಕಹಳೆಯಾಕಾರದ ಹಾರ್ನ್ ಸ್ಪೀಕರು ಇರುತ್ತದೆ. ಅದರ ಕಥೆ ತಿರುಗುಮುರುಗು. ಸುಮಾರು 300 ಕಂಪನಗಳಿಗಿಂತ ಕೆಳಗಿನದು ಅದರಿಂದ ಬಹುಮಟ್ಟಿಗೆ ಹೊರಡುವುದೇ ಇಲ್ಲ. ಬೇಸಿನ ಕಾಟ ತಪ್ಪುತ್ತದೆ. ಆದರೆ ಕಾರ್ಡ್, ಪ್ಯಾಡುಗಳೂ ಝಲ್ಲೆನ್ನುವ ತಾಳದ ಸದ್ದೂ ಹುಡುಗಿಯ ದನಿ ಇರುವ ಜಾಗದಲ್ಲಿಯೇ ಬಂದು ಮುತ್ತುತ್ತವೆ. ಹಾರ್ನಿಗೆ ಹೊಂದಿದ ಚೀಟಿ ಬಾಕ್ಸಿಗೆ ಹೊಂದದು.

ಇಷ್ಟು ತಿಳಿದ ಮೇಲೆ ಮುಂದಿನ ಸೋಮವಾರಕ್ಕೆ ನಾವು ಬೇರೆ ಕ್ರಮ ಹಿಡಿದೆವು. ಚೀಟಿಯನ್ನು ಹರಿದೆವು. ಸಂಜೆ ಜನ ಸೇರುವ ಮೊದಲೇ ಬಯಲಿಗೆ ಹೋಗಿ, ರಾತ್ರಿ ಎಷ್ಟು ಸದ್ದು ಬೇಕೋ ಅಷ್ಟೇ ಸದ್ದಿನಲ್ಲಿ ಹುಡುಗಿಯನ್ನು ಒಬ್ಬಳೇ ಹಾಡಿಸಿದೆವು. ಗಂಟಲು ಬಿಗಿಯದೆ, ಮಾತನಾಡುವಷ್ಟೇ ಸಲೀಸಾಗಿ ಹಾಡಬೇಕೆಂಬುದು ಷರತ್ತು. ಆ ದನಿ ಕೊನೆಯ ಸಾಲಿನವರೆಗೆ ಮುಟ್ಟುವಂತೆ ಮೈಕನ್ನು ಹೊಂದಿಸಿ, ಮತ್ತೆ ಅದನ್ನು ಮುಟ್ಟಬಾರದೆಂದು ನಿಶ್ಚಯಿಸಿದೆವು. ಅನಂತರ ಸ್ಟೈಲ್ ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಅವಳು ಹಾಡುತ್ತಿರುವಾಗಲೇ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಬಂದೆವು. ಮೇಲಿನಿಂದ ಇಳಿಸುತ್ತ ಬಂದರೆ ಕಿವಿ ಜೋರಿಗೆ ಒಗ್ಗಿಬಿಟ್ಟಿರುತ್ತದೆ. ಎಲ್ಲಿ ನಿಲ್ಲಬೇಕೋ ಅದಕ್ಕಿಂತ ಮೇಲೆಯೇ ನಿಂತುಬಿಡುತ್ತೇವೆ. ಒಬ್ಬ ಹುಡುಗನನ್ನು ಕೊನೆಯ ಸಾಲಿನಲ್ಲಿ ಕೂಡಿಸಿ, ಕೇಳಿಸಿದ ಶಬ್ದಗಳನ್ನು ಗಟ್ಟಿಯಾಗಿ ಹೇಳುತ್ತಿರಲು ತಿಳಿಸಿದ್ದೆವು. ಅವನು ಹಾಡಿನ ಒಂದು ಶಬ್ದವನ್ನು ತಪ್ಪಾಗಿ ಹೇಳಿದ ಕೂಡಲೆ ಏರಿಸುವುದನ್ನು ನಿಲ್ಲಿಸಿ, ಅಲ್ಲಿಂದ ಕೆಲವು ಅಂಕೆ ಕೆಳಗೆ ಬಂದೆವು. ಇದಕ್ಕಿಂತ ಒಳ್ಳೆಯ ಶಬ್ದಮಾಪಕ ನಮಗೆ ಗೊತ್ತಿಲ್ಲ, ಖರ್ಚೂ ಇಲ್ಲ.

ಆಮೇಲೆ ಭಾಗಗಳನ್ನು ಒಂದೊಂದಾಗಿ ವಿಚಾರಿಸಿದೆವು. ಎಂಟರಲ್ಲಿ ನಾಲ್ಕನ್ನು ಸುಮ್ಮನಾಗಿಸಿದರೆ ಒಟ್ಟು ಸದ್ದು ತಗ್ಗುವುದು 3 ಡೆಸಿಬೆಲ್ ಮಾತ್ರ, ಹೆಚ್ಚೇನಲ್ಲ. ಆದರೆ ಯಾವ ನಾಲ್ಕು ಎಂಬುದರಲ್ಲಿ ಮರ್ಮವಿದೆ. ಪ್ಯಾಡ್ ಮತ್ತು ಕಾರ್ಡ್‌ಗಳು ದನಿಯ ಜಾಗವನ್ನೇ ಆಕ್ರಮಿಸಿ, ಉಸಿರಾಡಲು ಬಿಡದೆ ಎಳೆದುಕೊಂಡೇ ಇರುತ್ತವೆ. ರಿದಮ್ ಆದರೋ ಬಡಿದು ಬಿಡುತ್ತದೆ; ಎರಡು ಪೆಟ್ಟುಗಳ ನಡುವಿನ ತೆರಪಿನಲ್ಲಿ ಶಬ್ದ ನುಸುಳಿ ಬರುತ್ತದೆ. ರಾಗದಲ್ಲಿ ಕಟ್ಟಿದ ಭಜನೆಗೆ ಕಾರ್ಡುಗಳೇಕೆ ಎಂಬ ಸಂಶಯ ನಮಗೆ ಮೊದಲಿನಿಂದಲೂ ಇತ್ತು. ಈ ನೆಪದಲ್ಲಿ ಅವುಗಳನ್ನು ಹೊರಗೆ ಕಳಿಸಿದೆವು. ಉಳಿದದ್ದು ರಿದಮ್ ಎರಡು, ಬೇಸು ಅರೆಮಟ್ಟಕ್ಕಿಂತ ಕೆಳಗೆ, ಜೊತೆಗೆ ತಂಬೂರಿಯ ಶ್ರುತಿ. ಹುಡುಗಿ ಹಾಡುವಾಗ ಬಲಗೈಯ ಕೊಳಲನ್ನು ನಿಲ್ಲಿಸಿ, ಚರಣ ಚರಣಗಳ ನಡುವೆ ಮಾತ್ರ ನುಡಿಸುವುದೆಂದು ಗೊತ್ತುಮಾಡಿಕೊಂಡೆವು. ಪೇಟಿ ಮಾಸ್ತರರು ಹಾಡಿನ ನೆರಳಿನಂತೆ ಹಿಂದೆಯೇ ನುಡಿಸುತ್ತಾರೆ ನಿಜ. ಆ ಕೈ ನಮಗೆ ಇನ್ನೂ ಬಂದಿಲ್ಲ.

ಕೊನೆಯದಾಗಿ ಕಾಲಪೆಡಲು. ಅದನ್ನು ಜೋಡಿಸಲು ಅನುಕೂಲವಿರುವ ಕೀಬೋರ್ಡುಗಳಲ್ಲಿ ಪಕ್ಕವಾದ್ಯದ ಮಟ್ಟವನ್ನು ಪಾದದಿಂದಲೇ ತಗ್ಗಿಸಿ ಹೆಚ್ಚಿಸಬಹುದು. ಹಳೆಯ ಪೇಟಿಯ ತಿದಿ ಕಾಲಿನಿಂದ ಕೈಗೆ ಬಂದಿತ್ತು. ಈಗ ಒಂದು ಬಗೆಯಲ್ಲಿ ಮತ್ತೆ ಕಾಲಿಗೆ ಹೋಗಿದೆ. ನಮ್ಮ ವಾದ್ಯದಲ್ಲಿ ಆ ಅನುಕೂಲವಿರಲಿಲ್ಲವಾಗಿ, ಎಡಗೈಗೆ ಬಿಡುವು ಸಿಕ್ಕಾಗಲೆಲ್ಲ ಗುಂಡಿಯನ್ನೇ ಆಶ್ರಯಿಸಬೇಕಾಯಿತು.

ಒಟ್ಟು ಸದ್ದನ್ನು ತಗ್ಗಿಸಿದುದರಿಂದ ಇನ್ನೊಂದು ಲಾಭವೂ ಆಯಿತು. 85 ಡೆಸಿಬೆಲ್ಲಿನ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳುವುದು ಕಿವಿಗೆ ಅಪಾಯವೆಂದು ಉದ್ಯೋಗಾರೋಗ್ಯ ತಜ್ಞರ ಎಣಿಕೆ. ಪ್ರತಿ 3 ಡೆಸಿಬೆಲ್ ಏರಿಕೆಗೂ ಈ ಅವಧಿ ಅರ್ಧವಾಗುತ್ತ ಹೋಗುತ್ತದೆ; 94ಕ್ಕೆ ಒಂದೇ ಗಂಟೆ. ಬಾಕ್ಸಿನ ಮುಂದೆಯೇ ಚಾಪೆ ಹಾಸಿ ಕೂಡುವವರು ಚಿಕ್ಕ ಮಕ್ಕಳೆಂಬುದನ್ನು ಸಂಘಟಕರು ಮರೆಯುವುದೇ ಹೆಚ್ಚು. ಹಿಂದಿನ ವಾರ ಕಿವಿ ಮುಚ್ಚಿಕೊಂಡಿದ್ದ ಮಕ್ಕಳಲ್ಲಿ ಇಬ್ಬರು ಈ ಸಲ ಅಲ್ಲಿಯೇ ಒರಗಿ ನಿದ್ದೆಹೋದರು.

ಆ ರಾತ್ರಿ ಹುಡುಗಿ ಐದು ಹಾಡು ಹಾಡಿದಳು. ಮೂರನೆಯದರಲ್ಲಿ ಅವಳು ದನಿ ತಗ್ಗಿಸಿದಾಗ ಗುಂಡಿ ತಿರುಗಿಸುವುದು ನಮಗೆ ಎರಡು ಆವರ್ತ ತಡವಾಯಿತು; ಅಷ್ಟು ಹೊತ್ತು ರಿದಮ್ ಒಬ್ಬಂಟಿಯಾಗಿ ಮೆರೆಯಿತು. ಕಂಬಳಿಯ ಹಿರಿಯರು ಅದೇ ಜಾಗದಲ್ಲಿ ಕುಳಿತಿದ್ದರು. ಮುಗಿದ ಮೇಲೆ ಬಂದು, ನಮಗೆ ಏನನ್ನೂ ಹೇಳದೆ, ಹುಡುಗಿಯ ಕಡೆಗೆ ತಿರುಗಿ, “ನಾಕನೇ ಹಾಡಿನ್ಯಾಗ ಒಂದು ನುಡಿ ಬಿಟ್ಟಿ ನೋಡವ್ವಾ” ಎಂದರು. ಅವಳು ನಿಜವಾಗಿಯೂ ಬಿಟ್ಟಿದ್ದಳು.